ಎಳೆಯಬಾರದು

ಸಾಣಿಕಟ್ಟಾದ ಆಗರದಲ್ಲಿ ಉಪ್ಪನ್ನು ಎಳೆಯುತ್ತಾರೆ.
ಉದ್ದ ಕೋಲು, ತುದಿಗೊಂದು ಹಲಗೆ,
ಸೊಂಟ ಹಿಂದಕ್ಕೆ, ಕಣ್ಣು ನೀರ ಮೇಲೆ,
ಹೀಗೆ, ಮೆಲ್ಲಗೆ, ತನ್ನ ಕಡೆಗೆ.
ನನ್ನಣ್ಣ ಬುದವಂತ ಹತ್ತನೇ ವಯಸ್ಸಿಗೆ ಕಲಿತದ್ದು ಇದನ್ನೇ.
ಮುಂದೆ ಅವನನ್ನು ಕೆಡವಿದ್ದೂ ಇದೇ.

ಬೇಲೆಕೇರಿಗೆ ಅದಿರಿನ ಹಡಗು ಬರುತ್ತಿದ್ದ ಕಾಲ.
ಅದಿರಿನ ತೂಕ ನೋಡಲು ಬಂದ ಜಪಾನಿನ ಮುದುಕ
ಅಣ್ಣನ ತೂಕ ನೋಡಿದ:
ಹೆಗಲಿಗೊಂದು ಚೀಲ, ಕಂಕುಳಿಗೊಂದು ಚೀಲ, ಬಾಯಲ್ಲಿ ಸಿಳ್ಳು.
ಮುದುಕನ ಭಾವ ಅಲ್ಲಿ ಜಟ್ಟಿಗಳ ಮನೆ ನಡೆಸುತ್ತಿದ್ದನಂತೆ.
ಅವ್ವಿ ಕೇಳಿದ್ದು ಒಂದೇ: ಊಟ ಎಷ್ಟು ಹೊತ್ತು?
ಎರಡೇ ಹೊತ್ತು, ಆದರೆ ಹೊಟ್ಟೆ ಬಿರಿಯುವಷ್ಟು.
ಹಾಗಾದರೆ ಹೋಗಲಿ, ಅಂದಳು.

ಹೊರಡುವ ದಿನ ಹಳೇ ಲುಂಗಿಯ ತುಂಡಿನಲ್ಲಿ
ಒಂದು ಸೇರು ಉಪ್ಪು ಕಟ್ಟಿ ಕೊಟ್ಟಳು.
ಕಣಕ್ಕಿಳಿಯುವ ಮುಂಚೆ ಅಲ್ಲಿ ಉಪ್ಪೆರಚುತ್ತಾರೆ ಎಂದಿದ್ದ ಮುದುಕ.
"ಅವರ ಉಪ್ಪು ಯಾಕೆ? ನಮ್ಮದನ್ನೇ ಎರಚು."

ಮೊದಲ ವರ್ಷ ಫೋನಿನಲ್ಲಿ ನಗುತ್ತಿದ್ದ:
ಕಣ ಅಂದರೆ ಜೇಡಿಮಣ್ಣು ಮಾರಾಯ್ತಿ, ನಮ್ಮ ಪಾತಿಯ ಹಾಗೇ.
ನಸುಕಿಗೆ ಎದ್ದು ಕಾಲೆತ್ತಿ ಕಾಲೆತ್ತಿ ತುಳಿಯುವುದು.
ಇದಕ್ಕೆ ವಿಮಾನ ಹತ್ತಬೇಕಿತ್ತೆ?
ಹೊಸ ಹೆಸರಿಟ್ಟರಂತೆ, ಮೊದಲಿಗೆ 'ಷಿಯೊ'.
ಅದು ಉಪ್ಪೂ ಹೌದು, ಉಬ್ಬರವೂ ಹೌದು, ಬರೆಯುವಾಗ ಬೇರೆ ಬೇರೆ.
ಇಳಿತಕ್ಕೆ ಏನೆನ್ನುತ್ತಾರೆ? ಕೇಳಿದೆ.
ಅದನ್ನು ಯಾರಿಗೂ ಹೆಸರಿಡುವುದಿಲ್ಲ, ಅಂದ.

ಆದರೆ ಕೈ.
ಎದುರಾಳಿ ಮೈಮೇಲೆ ಬಿದ್ದರೆ ಸಾಕು, ಇವನ ಕೈ ತಾನಾಗಿ
ಅವನ ಕತ್ತಿನ ಹಿಂದೆ ಹೋಗಿ ಈಚೆಗೆ ಸೆಳೆಯುತ್ತಿತ್ತು.
ಗುರು ಬಿದಿರ ಕೋಲಿನಿಂದ ಮಣಿಕಟ್ಟು ತಟ್ಟುತ್ತಿದ್ದ:
ನೂಕು. ಎಳೆಯಬಾರದು.
ಎಳೆಯುವವನು ತಾನೇ ಹಿಂದೆ ಹೋಗುತ್ತಾನೆ.

ಇನ್ನೊಂದನ್ನು ಮುದುಕ ಹೇಳಿರಲಿಲ್ಲ.
ಉಪ್ಪೆರಚುವುದು ಮೇಲಿನ ಅಂತಸ್ತಿನವರು.
ಕೆಳಗಿನವರಿಗೆ ಸಂಬಳವಿಲ್ಲ, ಉಪ್ಪೂ ಇಲ್ಲ.
ಮೇಲಿನವರ ಬೆನ್ನು ಉಜ್ಜಬೇಕು, ಅನ್ನ ಬೇಯಿಸಬೇಕು,
ಹಿಮ ಬೀಳುವಾಗಲೂ ತೆಳು ಹತ್ತಿಯ ನಿಲುವಂಗಿ.

ಏಳನೇ ವರ್ಷ, ಮಾರ್ಚ್, ಒಸಾಕಾ. ಅಂಚಿಗೆ ಬಂದ.
ಮೂರು ಗೆಲುವು, ಮೂರು ಸೋಲು, ಉಳಿದದ್ದು ಒಂದು.
ಗೆದ್ದರೆ ಉಪ್ಪು.
ನಾವು ಹದಿನಾಲ್ಕು ಜನ ಕೆಲಸ ಬಿಟ್ಟು
ಸೊಸೈಟಿ ಆಫೀಸಿನ ಕಂಪ್ಯೂಟರಿನ ಮುಂದೆ.
ಎದ್ದ. ಗುದ್ದಿದ. ನೂಕಿದ, ನೂಕಿದ,
ಎದುರಿನವನ ಹಿಮ್ಮಡಿ ಹುಲ್ಲಿನ ಹುರಿಗೆ ತಾಗಿತು,
ಆಗ ಎಳೆದ.

ಯಾಕೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.
ಆ ಹೊತ್ತಿಗೆ ಹದಿನಾಲ್ಕು ಜನರ ಕೈಗಳೂ
ಮೊಣಕೈ ಮಡಿಚಿ ಎದೆಯ ಹತ್ತಿರ ಬಂದಿದ್ದವು.

ಆಮೇಲೆ ಮಂಡಿ. ಆಮೇಲೆ ನಾಲ್ಕು ವರ್ಷ ಇಳಿತ.

ಗೋಕರ್ಣ ರೋಡಿನಲ್ಲಿ ರೈಲು ಇಳಿದಾಗ ಜುಟ್ಟು ಪೆಟ್ಟಿಗೆಯಲ್ಲಿತ್ತು.
ಗೆದ್ದೆಯಾ? ಕೇಳಿದರು ಊರವರು.
ಇನ್ನೂರ ಮೂವತ್ತೊಂದು ಗೆಲುವು, ಇನ್ನೂರ ಎಂಟು ಸೋಲು,
ಗಾಯಕ್ಕೆ ಕೂತದ್ದು ಇಪ್ಪತ್ತೊಂದು,
ಚೀಲ ಎಣಿಸಿದ ಹಾಗೆ ಹೇಳಿದ.
ಕೇಳಿದವರಿಗೆ ಅದು ಉತ್ತರ ಅನ್ನಿಸಲಿಲ್ಲ.

ಉಪ್ಪಿನ ಗಂಟೂ ಬಿಚ್ಚದೆ ಬಂತು.
ಕಲ್ಲಾಗಿತ್ತು. ನೂಲಿನ ಹೆಣಿಗೆ ಅದರ ಮೈಗೆ ಅಚ್ಚೊತ್ತಿತ್ತು.
ಅವ್ವಿ ಅಂಗೈಯಲ್ಲಿ ತೂಗಿ ನೋಡಿದಳು,
ಒರಳಿಗೆ ಹಾಕಿ ಜಜ್ಜಿದಳು,
ಒಂದು ಹಿಡಿ ಬಂಗುಡೆ ಸಾರಿಗೆ,
ಉಳಿದದ್ದು ಡಬ್ಬಿಗೆ.
ಅಣ್ಣ ಎರಡು ಸಲ ಅನ್ನ ಹಾಕಿಸಿಕೊಂಡ.

ಈಗ ಪಾತಿ ತುಳಿಯುವ ಕಾಲ.
ನಾಲ್ವರ ಪಾತಿಯನ್ನು ಒಬ್ಬನೇ ತುಳಿಯುತ್ತಾನೆ,
ಎಡಗಾಲು ಮಾತ್ರ ಅಷ್ಟು ಮೇಲೇಳುವುದಿಲ್ಲ.
ಇನ್ನೆರಡು ತಿಂಗಳಿಗೆ ಉಪ್ಪು ಕಟ್ಟುತ್ತದೆ.
ಕೋಲು ಹಿಡಿಯುತ್ತಾನೋ ಇಲ್ಲವೋ ನಾನು ಕೇಳಿಲ್ಲ.
ಹೊಸ ಹಲಗೆ ಬಡಿದು ಗೋಡೆಗೆ ಆನಿಸಿಟ್ಟಿದ್ದೇನೆ.